ರಾತ್ರಿ ಓದಿದ ಅನಾಟಮಿ ಬೆಳಿಗ್ಗೆ ಯಾಕೆ ನೆನಪಿರುವುದಿಲ್ಲ?

ಪ್ರಶ್ನೆ: ನಾನು ಮುಧೋಳ ತಾಲೂಕಿನ ಒಂದು ಹಳ್ಳಿಯವಳು. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ. ಪಿಯುಸಿ ಸೈನ್ಸ್ ಮುಗಿಸಿ ಈಗ ಬಾಗಲಕೋಟೆಯಲ್ಲಿ ಬಿ.ಎಸ್ಸಿ ನರ್ಸಿಂಗ್ ಮೊದಲ ಸೆಮಿಸ್ಟರ್ ಓದುತ್ತಿದ್ದೇನೆ. ಅನಾಟಮಿ (ದೇಹದ ರಚನೆ), ಫಿಸಿಯಾಲಜಿ (ದೇಹ ಕೆಲಸ ಮಾಡುವ ರೀತಿ) ಎರಡೂ ತಲೆಗೆ ಹತ್ತುತ್ತಿಲ್ಲ. ರಾತ್ರಿ ಬಾಯಿಪಾಠ ಮಾಡಿದ್ದು ಬೆಳಿಗ್ಗೆ ಇರುವುದಿಲ್ಲ. ಡಿಸೆಕ್ಷನ್ ಹಾಲ್‌ಗೆ ಕರೆದುಕೊಂಡು ಹೋದಾಗ ತಲೆ ತಿರುಗಿ ಹೊರಗೆ ಬಂದೆ. ನರ್ಸ್ ಆಗುವವರಿಗೆ ಇಷ್ಟೆಲ್ಲ ಯಾಕೆ ಬೇಕು ಸರ್? ಹೇಗೆ ಓದಬೇಕು? ಯಾವ ಪುಸ್ತಕ ತಗೊಳ್ಳಲಿ?

ಉತ್ತರ: ತಂಗಿ, ಇಷ್ಟೆಲ್ಲ ಯಾಕೆ ಬೇಕು ಅಂತ ಕೇಳಿದ್ದೀಯಲ್ಲ, ಅಲ್ಲಿಂದಲೇ ಶುರು ಮಾಡೋಣ. ಅದಕ್ಕೆ ಉತ್ತರ ಸಿಕ್ಕರೆ ಹೇಗೆ ಓದಬೇಕು ಅನ್ನುವುದು ಅರ್ಧ ಬಗೆಹರಿದ ಹಾಗೆಯೇ.

ನಮ್ಮ ಕಡೆ ಜ್ವರ ಬಂದರೆ ಸಾಕು, "ಒಂದ್ ಸೂಜಿ ಮಾಡಿಬಿಡ್ರಿ" ಅಂತ ಕೇಳುವವರೇ ಜಾಸ್ತಿ. ಆ ಸೂಜಿ ಮಾಡುವವರು ಯಾರು? ಬಹಳ ಸಲ ನರ್ಸ್. ಕುಂಡಿಯ ದಪ್ಪ ಮಾಂಸದಲ್ಲಿ ಸೂಜಿ ಇಳಿಸುತ್ತೀರಿ. ಅದೇ ಮಾಂಸದ ಅಡಿಯಲ್ಲಿ ಸಯಾಟಿಕ್ ನರ್ವ್ ಹೋಗುತ್ತದೆ. ಮೈಯಲ್ಲಿರುವ ನರಗಳಲ್ಲೆಲ್ಲ ಇದೇ ದಪ್ಪನೆಯದು, ಹೆಚ್ಚುಕಡಿಮೆ ಬೆರಳಿನಷ್ಟು. ನಾವು ಕೂತಾಗ ನೆಲಕ್ಕೆ ಒತ್ತುವ ಒಂದು ಎಲುಬು ಇದೆ. ತೊಡೆಯ ಹೊರಬದಿಯಲ್ಲಿ, ಮೇಲ್ಗಡೆ, ಕೈಗೆ ಸಿಗುವ ಇನ್ನೊಂದು ಎಲುಬಿನ ಉಬ್ಬು ಇದೆ. ಇವೆರಡರ ನಡುವೆ ಈ ನರ ಇಳಿದು ಕಾಲಿಗೆ ಹೋಗುತ್ತದೆ. ಸೂಜಿ ಅಲ್ಲಿಗೆ ಬಿದ್ದರೆ ಪಾದ ಮೇಲೆತ್ತಲು ಆಗದೆ ಜೋತು ಬೀಳಬಹುದು. ಫುಟ್ ಡ್ರಾಪ್ ಅನ್ನುವುದು ಅದಕ್ಕೇ. ಜ್ವರಕ್ಕೆ ಸೂಜಿ ಮಾಡಿಸಿಕೊಂಡು ಕಾಲೆಳೆಯುತ್ತಾ ನಡೆಯುವ ಹುಡುಗರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ: ಕುಂಡಿಯನ್ನು ನಾಲ್ಕು ಭಾಗ ಮಾಡಿ, ಮೇಲಿನ ಹೊರಗಿನ ಭಾಗದಲ್ಲಿ ಸೂಜಿ ಹಾಕಬೇಕು. ನರ ಎಲ್ಲಿದೆ ಅಂತ ಗೊತ್ತಿದ್ದವಳು ಈ ಸಾಲನ್ನು ಬಾಯಿಪಾಠ ಮಾಡಬೇಕಾಗಿಲ್ಲ, ತಾನೇ ಹೇಳಬಲ್ಲಳು. ಇನ್ನೊಂದು ವಿಷಯ ಇದೆ. ಬಹಳ ಜನ ಕುಂಡಿ ಅಂದರೆ ಉಬ್ಬಿರುವ ಮಾಂಸ ಅಷ್ಟೇ ಅಂದುಕೊಂಡು ಅದನ್ನೇ ನಾಲ್ಕು ಭಾಗ ಮಾಡುತ್ತಾರೆ. ಅನಾಟಮಿಯ ಲೆಕ್ಕದಲ್ಲಿ ಆ ಜಾಗ ಸೊಂಟದ ಎಲುಬಿನ ಮೇಲಂಚಿನವರೆಗೆ ಹೋಗುತ್ತದೆ. ಆ ಅಂಚಿಗೆ ಇಲಿಯಾಕ್ ಕ್ರೆಸ್ಟ್ ಅನ್ನುತ್ತಾರೆ, ಸೊಂಟದ ಮೇಲೆ ಕೈಯಿಟ್ಟು ನಿಂತರೆ ಕೈಗೆ ಸಿಗುವುದು ಅದೇ. ಅಲ್ಲಿಂದ ಅಳೆಯದಿದ್ದರೆ ನಿನ್ನ "ಮೇಲಿನ ಭಾಗ" ನಿಜವಾಗಿ ಕೆಳಗೆ ಬಿದ್ದಿರುತ್ತದೆ. ನರದ ಹತ್ತಿರ.

ಈಗ ಅದಕ್ಕಿಂತ ಸುರಕ್ಷಿತ ಅಂತ ಕಲಿಸುವುದು ಸೊಂಟದ ಬದಿಯ ಜಾಗ, ವೆಂಟ್ರೊಗ್ಲೂಟಿಯಲ್. ಗೆಳತಿಯನ್ನು ಪಕ್ಕಕ್ಕೆ ಮಲಗಿಸಿ ಮಾಡಿ ನೋಡು. ಅವಳ ಬಲ ಸೊಂಟಕ್ಕೆ ನಿನ್ನ ಎಡಗೈ. ಅಂಗೈಯ ಬುಡ ತೊಡೆಯ ಹೊರಗಿನ ಎಲುಬಿನ ಉಬ್ಬಿನ ಮೇಲೆ. ತೋರುಬೆರಳು ಸೊಂಟದ ಎಲುಬಿನ ಮುಂದಿನ ಮೊನೆಗೆ. ನಡುಬೆರಳನ್ನು ಇಲಿಯಾಕ್ ಕ್ರೆಸ್ಟ್ ಕಡೆಗೆ ಅಗಲಿಸು. ಎರಡು ಬೆರಳಿನ ನಡುವೆ ಇಂಗ್ಲಿಷಿನ ವಿ ಆಕಾರ ಬರುತ್ತದಲ್ಲ, ಅದರ ಮಧ್ಯೆ ಸೂಜಿಯ ಜಾಗ. ಅಲ್ಲಿ ದೊಡ್ಡ ನರವೂ ಇಲ್ಲ, ದೊಡ್ಡ ರಕ್ತನಾಳವೂ ಇಲ್ಲ. ಈ ಒಂದು ಕೆಲಸದಲ್ಲಿ ಗ್ರೇಟರ್ ಟ್ರೋಕ್ಯಾಂಟರ್ (ತೊಡೆಯ ಹೊರಗಿನ ಉಬ್ಬು), ಆಂಟೀರಿಯರ್ ಸುಪೀರಿಯರ್ ಇಲಿಯಾಕ್ ಸ್ಪೈನ್ (ಸೊಂಟದ ಎಲುಬಿನ ಮುಂದಿನ ಮೊನೆ), ಇಲಿಯಾಕ್ ಕ್ರೆಸ್ಟ್, ಗ್ಲೂಟಿಯಸ್ ಮೀಡಿಯಸ್ (ಸೂಜಿ ಇಳಿಯುವ ಸ್ನಾಯು) ಅಂತ ನಾಲ್ಕು ಹೆಸರು ಕಲಿತೆ. ಬಾಯಿಪಾಠ ಮಾಡಿದ್ದರೆ ಇವು ನಾಲ್ಕು ದಿನವೂ ಉಳಿಯುತ್ತಿರಲಿಲ್ಲ. ಕೈಯಲ್ಲಿ ಮುಟ್ಟಿ ಕಲಿತರೆ ಬೇಗ ಹೋಗುವುದಿಲ್ಲ.

ಇದೇ ನನ್ನ ಉತ್ತರದ ತಿರುಳು. ಯಾವ ಭಾಗದ ಹೆಸರು ಬಂದರೂ ಜೊತೆಗೆ ಒಂದು ಪ್ರಶ್ನೆ ಕೇಳು. ಇದು ಕೆಟ್ಟರೆ, ಕತ್ತರಿಸಿದರೆ, ಕಟ್ಟಿಕೊಂಡರೆ ರೋಗಿಗೆ ಏನಾಗುತ್ತದೆ? ಉತ್ತರ ಸಿಗದ ಹೆಸರನ್ನು ಸದ್ಯಕ್ಕೆ ಪಕ್ಕಕ್ಕಿಡು. ಸಿಕ್ಕ ಹೆಸರು ತಾನಾಗಿ ನಿಲ್ಲುತ್ತದೆ.

ಶೇಂಗಾ ತೆಗೆದುಕೋ. ನಮ್ಮ ಮನೆಗಳಲ್ಲಿ ಶೇಂಗಾ ಇಲ್ಲದ ದಿನ ಇಲ್ಲ. ಎರಡು ವರ್ಷದ ಮಗು ಬಾಯಿಗೆ ಹಾಕಿಕೊಂಡು ಓಡುವಾಗ, ಅಳುವಾಗ ಬೀಜ ಶ್ವಾಸನಾಳಕ್ಕೆ ಹೋಗುತ್ತದೆ. ಅದು ಎಡ ಶ್ವಾಸಕೋಶಕ್ಕಿಂತ ಬಲಕ್ಕೆ ಹೋಗುವುದೇ ಹೆಚ್ಚು. ಯಾಕೆ? ಶ್ವಾಸನಾಳ ಎದೆಯಲ್ಲಿ ಎರಡಾಗಿ ಒಡೆಯುತ್ತದೆ. ಒಂದೊಂದು ಕವಲಿಗೂ ಬ್ರಾಂಕಸ್ ಅನ್ನುತ್ತಾರೆ. ಬಲಗಡೆಯ ಕವಲು ಅಗಲ, ಗಿಡ್ಡ, ಹೆಚ್ಚು ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ. ದೊಡ್ಡವರಲ್ಲಿ ಅದರ ಉದ್ದ ಸುಮಾರು 2.5 ಸೆಂ.ಮೀ. ಎಡದ್ದು ಸುಮಾರು 5 ಸೆಂ.ಮೀ., ಸಪೂರ, ಓರೆಯಾಗಿ ಹೋಗುತ್ತದೆ. ಹೃದಯ ಎಡಕ್ಕೆ ವಾಲಿ ಕೂತಿರುವುದರಿಂದ ಅದನ್ನು ದಾಟಿ ಹೋಗಬೇಕು. "ಬಲ ಮತ್ತು ಎಡ ಬ್ರಾಂಕಸ್‌ಗೆ ವ್ಯತ್ಯಾಸ ಬರೆಯಿರಿ" ಅಂತ ಪರೀಕ್ಷೆಯಲ್ಲಿ ಬಂದರೆ ಆ ಮಗುವನ್ನು ನೆನೆಸಿಕೋ. ಪೂರ್ತಿ ಉತ್ತರ ಅದರಲ್ಲೇ ಇದೆ. ಮುಂದೆ ಐಸಿಯುದಲ್ಲಿ ಕೆಲಸ ಮಾಡುವಾಗಲೂ ಇದು ಬರುತ್ತದೆ. ಉಸಿರಾಟದ ಟ್ಯೂಬ್ ಜಾಸ್ತಿ ಒಳಗೆ ಹೋದರೆ ಸಾಮಾನ್ಯವಾಗಿ ಬಲಗಡೆಗೇ ಹೋಗುತ್ತದೆ, ಎಡ ಎದೆಯಲ್ಲಿ ಉಸಿರಿನ ಶಬ್ದ ಕೇಳುವುದಿಲ್ಲ.

ಅನಾಟಮಿ ಬೇರೆ, ಫಿಸಿಯಾಲಜಿ ಬೇರೆ ಅಂತ ಎರಡು ನೋಟ್‌ಬುಕ್ ಇಡುವವರಿದ್ದಾರೆ. ನೀನು ಹಾಗೆ ಮಾಡಬೇಡ. ಹೃದಯದಲ್ಲಿ ರಕ್ತ ಹೊರತಳ್ಳುವ ಕೆಳಗಿನ ಎರಡು ಕೋಣೆಗಳಿಗೆ ವೆಂಟ್ರಿಕಲ್ ಅನ್ನುತ್ತಾರೆ. ಹೃದಯದ ಚಿತ್ರ ಬರೆಯುವಾಗ ಎಡ ವೆಂಟ್ರಿಕಲ್‌ನ ಗೋಡೆಯನ್ನು ಬಲದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ ಬರೆಯಬೇಕು. ಅದು ಅನಾಟಮಿ. ಬಲದ್ದು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ರಕ್ತ ತಳ್ಳುತ್ತದೆ, ಅದಕ್ಕೆ 25 ಮಿ.ಮೀ. ಒತ್ತಡ ಸಾಕು. ಎಡದ್ದು ನೆತ್ತಿಯಿಂದ ಹಿಮ್ಮಡಿವರೆಗೆ ತಳ್ಳಬೇಕು, ಅದಕ್ಕೆ 120 ಬೇಕು. ಇದು ಫಿಸಿಯಾಲಜಿ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ಒಂದು ಇನ್ನೊಂದನ್ನು ನೆನಪಿಸುತ್ತದೆ. ಬಿಪಿ ಹೆಚ್ಚಿದ್ದು ಔಷಧಿ ತೆಗೆದುಕೊಳ್ಳದವರಿಗೆ ವರ್ಷಗಟ್ಟಲೆ ಕಳೆದ ಮೇಲೆ ಎಡ ಗೋಡೆ ಇನ್ನೂ ದಪ್ಪವಾಗುತ್ತದೆ ಅಂತ ಮುಂದೆ ಮೆಡಿಸಿನ್‌ನಲ್ಲಿ ಓದುತ್ತೀಯ. ಆಗ ಅದು ಹೊಸದು ಅನ್ನಿಸುವುದಿಲ್ಲ.

ಇನ್ನು ಮರೆವಿನ ವಿಷಯ. ನಿನ್ನ ಬುದ್ಧಿಗೆ ಏನೂ ಆಗಿಲ್ಲ. ರಾತ್ರಿ ಅದೇ ಪುಟವನ್ನು ಐದಾರು ಸಲ ಓದಿದರೆ ಅಕ್ಷರ ಪರಿಚಯವಾಗುತ್ತದೆ, "ಬಂತು" ಅನ್ನಿಸುತ್ತದೆ. ಅದು ಪುಸ್ತಕ ತೆರೆದಿದ್ದಾಗ ಮಾತ್ರ. ಪುಸ್ತಕ ಮುಚ್ಚಿ ಬಿಳಿ ಹಾಳೆಯ ಮೇಲೆ ನೆನಪಿನಿಂದ ಬರೆ. ಅರ್ಧ ತಪ್ಪಾಗುತ್ತದೆ, ಆಗಲಿ. ಆಮೇಲೆ ಪುಸ್ತಕ ತೆರೆದು ಕೆಂಪು ಪೆನ್ನಿನಲ್ಲಿ ತಿದ್ದು. ಮರುದಿನ ಮತ್ತೆ ಬಿಳಿ ಹಾಳೆ. ಮೂರ್ನಾಲ್ಕು ದಿನ ಬಿಟ್ಟು ಮತ್ತೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ಓದುವ ಹೊತ್ತು ಕಡಿಮೆ ಮಾಡು, ನೆನಪಿನಿಂದ ಬರೆಯುವ ಹೊತ್ತು ಜಾಸ್ತಿ ಮಾಡು. ಹೈಲೈಟರ್ ಹಚ್ಚಿ ಪುಸ್ತಕ ಹಳದಿ ಮಾಡುವುದರಿಂದ ಏನೂ ಆಗುವುದಿಲ್ಲ, ಸುಮ್ನೆ ಇಂಕ್ ಖರ್ಚು.

ಬಾಯಿಪಾಠ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಮಣಿಕಟ್ಟಿನ 8 ಎಲುಬು, ತಲೆಯ 12 ಜೊತೆ ನರಗಳು, ರಕ್ತದಲ್ಲಿ ಸೋಡಿಯಂ ಪೊಟ್ಯಾಸಿಯಂ ಎಷ್ಟಿರಬೇಕು ಅನ್ನುವ ಅಂಕಿಗಳು, ಇವನ್ನು ಗಟ್ಟಿ ಮಾಡಲೇಬೇಕು. ಬೇರೆ ದಾರಿ ಇಲ್ಲ. ಆದರೆ ಅಂಥವು ಸಿಲೆಬಸ್‌ನಲ್ಲಿ ನೀನು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ.

ಕನ್ನಡ ಮಾಧ್ಯಮ ಅಂತ ಹಿಂಜರಿಯಬೇಡ. ಸ್ಟರ್ನೋಕ್ಲೈಡೋಮ್ಯಾಸ್ಟಾಯ್ಡ್ ಅನ್ನುವ ಹೆಸರು ಕಾನ್ವೆಂಟಿನಲ್ಲಿ ಓದಿದವರಿಗೂ ಮೊದಲ ದಿನ ಹೊಸದೇ. ಕನ್ನಡಿ ಮುಂದೆ ನಿಂತು ಮುಖವನ್ನು ಎಡಕ್ಕೆ ತಿರುಗಿಸು. ಕುತ್ತಿಗೆಯ ಬಲಗಡೆ ಹಗ್ಗದ ಹಾಗೆ ಎದ್ದು ಕಾಣುವುದು ಅದೇ ಸ್ನಾಯು. ಕೆಳಗೆ ಎದೆಯೆಲುಬಿಗೂ (ಸ್ಟರ್ನೋ) ಕೊರಳೆಲುಬಿಗೂ (ಕ್ಲೈಡೋ), ಮೇಲೆ ಕಿವಿಯ ಹಿಂದಿನ ಉಬ್ಬಿಗೂ (ಮ್ಯಾಸ್ಟಾಯ್ಡ್) ಅಂಟಿಕೊಂಡಿದೆ. ಉದ್ದ ಹೆಸರುಗಳನ್ನು ಹೀಗೆ ತುಂಡು ಮಾಡಿ ಓದು, ಬಾಯಿಬಿಟ್ಟು ಹೇಳು. ಯೋಚನೆ ಕನ್ನಡದಲ್ಲೇ ಇರಲಿ. ಗೆಳತಿಗೆ ಕನ್ನಡದಲ್ಲಿ ವಿವರಿಸು, ಹೆಸರು ಮಾತ್ರ ಇಂಗ್ಲಿಷಿನಲ್ಲಿ ಹೇಳು. ಪರೀಕ್ಷೆಗೆ ಬೇಕಾದ ಇಂಗ್ಲಿಷ್ ಸಣ್ಣ ಸಣ್ಣ ವಾಕ್ಯಗಳದ್ದು. ಅದನ್ನು ದಿನಾ ಒಂದು ಪುಟ ಬರೆದು ರೂಢಿ ಮಾಡಿಕೊಂಡರೆ ಸಾಕು.

ನಿನ್ನ ಬಳಿ ಒಂದು ಮೈ ಇದೆ, ಅದೇ ನಿನ್ನ ಮೊದಲ ಲ್ಯಾಬ್. ಒಂದು ಪ್ರಯೋಗ ಹೇಳುತ್ತೇನೆ. ತೋಳಿಗೆ, ಮೊಣಕೈ ಮೇಲೆ, ಒಂದು ದುಪಟ್ಟಾ ಸ್ವಲ್ಪ ಬಿಗಿಯಾಗಿ ಕಟ್ಟು. ಒಂದೆರಡು ನಿಮಿಷ ಸಾಕು, ಹೆಚ್ಚು ಹೊತ್ತು ಬೇಡ. ಮುಂಗೈಯ ವೇನ್‌ಗಳು ಉಬ್ಬುತ್ತವೆ, ನಡುನಡುವೆ ಸಣ್ಣ ಗಂಟುಗಳು ಕಾಣುತ್ತವೆ. ಆ ಗಂಟುಗಳಲ್ಲಿ ವಾಲ್ವ್ ಇರುತ್ತದೆ. ಒಂದು ಬೆರಳಿನಿಂದ ವೇನನ್ನು ಕೆಳತುದಿಯಲ್ಲಿ, ಮಣಿಕಟ್ಟಿನ ಕಡೆ, ಒತ್ತಿ ಹಿಡಿ. ಇನ್ನೊಂದು ಬೆರಳಿನಿಂದ ರಕ್ತವನ್ನು ಮೇಲಿನ ಗಂಟಿನ ಆಚೆಗೆ ಸವರಿ ತಳ್ಳು. ನಡುವಿನ ತುಂಡು ಖಾಲಿಯಾಗುತ್ತದೆ. ಮೇಲಿನ ಬೆರಳು ತೆಗೆ, ರಕ್ತ ಹಿಂದಕ್ಕೆ ಬರುವುದಿಲ್ಲ. ಕೆಳಗಿನ ಬೆರಳು ತೆಗೆ, ಥಟ್ಟನೆ ತುಂಬುತ್ತದೆ. ವೇನ್‌ನಲ್ಲಿ ರಕ್ತ ಹೃದಯದ ಕಡೆಗೆ ಮಾತ್ರ ಹೋಗುತ್ತದೆ ಅಂತ ನೀನೇ ಸಾಬೀತು ಮಾಡಿದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ್ದು ಇದನ್ನೇ. ಅಲ್ಲಿಯವರೆಗೆ, ಯಕೃತ್ತು ರಕ್ತ ಮಾಡುತ್ತದೆ, ಮೈ ಅದನ್ನು ಖರ್ಚು ಮಾಡಿ ಮುಗಿಸುತ್ತದೆ ಅಂತ ಯುರೋಪಿನ ವೈದ್ಯರು ಸಾವಿರ ವರ್ಷಕ್ಕೂ ಮೇಲೆ ನಂಬಿದ್ದರು.

ಹಾರ್ವೆ ಒಂದು ಲೆಕ್ಕವನ್ನೂ ಹಾಕಿದ್ದ. ಇವತ್ತಿನ ಅಂಕಿಯಲ್ಲಿ ನೀನೇ ಹಾಕು. ಒಂದು ಬಡಿತಕ್ಕೆ ಹೃದಯ ಸುಮಾರು 70 ಮಿ.ಲೀ. ರಕ್ತ ಹೊರಹಾಕುತ್ತದೆ. ನಿಮಿಷಕ್ಕೆ 72 ಬಡಿತ. ಗುಣಿಸಿದರೆ 5 ಲೀಟರ್. ಮೈಯಲ್ಲಿರುವ ರಕ್ತವೇ ಸುಮಾರು 5 ಲೀಟರ್. ಗಂಟೆಗೆ 300 ಲೀಟರ್ ಹೊಸ ರಕ್ತ ಯಾವ ಯಕೃತ್ತೂ ಮಾಡಲಾರದು. ಅಂದರೆ ಅದೇ ರಕ್ತ ಸುತ್ತಬೇಕು, ಅಲ್ವಾ? ಕಾರ್ಡಿಯಾಕ್ ಔಟ್‌ಪುಟ್ ಅನ್ನುವ ಪಾಠ ಇಷ್ಟೇ. ನಾಳೆ ಕ್ಯಾನ್ಯುಲಾ (ಸಲೈನ್ ಕೊಡಲು ವೇನಿಗೆ ಹಾಕುವ ಸಣ್ಣ ಕೊಳವೆ) ಹಾಕುವಾಗ ಟೂರ್ನಿಕೆಟ್ (ತೋಳಿಗೆ ಬಿಗಿಯುವ ಪಟ್ಟಿ) ಯಾಕೆ ಕಟ್ಟುತ್ತೀವಿ, ವಾಲ್ವ್ ಇರುವ ಗಂಟಿನ ಮೇಲೆ ಯಾಕೆ ಚುಚ್ಚಬಾರದು ಅನ್ನುವುದೂ ಇದರಲ್ಲೇ ಬಂತು.

ಫಿಸಿಯಾಲಜಿಯಲ್ಲಿ ಬಹಳ ಮಕ್ಕಳು ಸೋಲುವುದು ಕಿಡ್ನಿಯಲ್ಲಿ. ಚಿತ್ರ ನೋಡಿಯೇ ಹೆದರುತ್ತಾರೆ. ಚಿತ್ರ ಬಿಡು. ಮೇ ತಿಂಗಳ ಬಾಗಲಕೋಟೆ ನೆನೆಸಿಕೋ, 40 ಡಿಗ್ರಿ ದಾಟಿದ ಬಿಸಿಲು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗಿ ಬೆಳಿಗ್ಗೆಯಿಂದ ಕೆರೆ ಹೂಳು ತೆಗೆದ ನಿಮ್ಮೂರ ಅಕ್ಕ ಒಬ್ಬರು. ನೀರು ಕುಡಿದದ್ದು ಕಡಿಮೆ, ಬೆವರು ಹೋದದ್ದು ಜಾಸ್ತಿ. ರಕ್ತ ಗಟ್ಟಿಯಾಗುತ್ತದೆ. ಮೆದುಳಿನ ಹೈಪೋಥಲಾಮಸ್ ಅದನ್ನು ಗುರುತಿಸಿ ಎರಡು ಕೆಲಸ ಮಾಡುತ್ತದೆ. ಬಾಯಾರಿಕೆ ಹುಟ್ಟಿಸುತ್ತದೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ಎಡಿಎಚ್ ಅನ್ನುವ ಹಾರ್ಮೋನು ಬಿಡಿಸುತ್ತದೆ. ಎಡಿಎಚ್ ಕಿಡ್ನಿಯಲ್ಲಿ ಮೂತ್ರ ಸೇರುವ ಕೊನೆಯ ಕೊಳವೆಗೆ, ಅಂದರೆ ಕಲೆಕ್ಟಿಂಗ್ ಡಕ್ಟ್‌ಗೆ ಹೋಗಿ ನೀರನ್ನು ವಾಪಸ್ ಎಳೆದುಕೊಳ್ಳುವಂತೆ ಮಾಡುತ್ತದೆ. ಮೂತ್ರ ಕಡಿಮೆ, ಬಣ್ಣ ಗಾಢ ಹಳದಿ. ಅತ್ತ ರಕ್ತದ ಪ್ರಮಾಣ ಇಳಿದದ್ದನ್ನು ಕುತ್ತಿಗೆಯ ಕ್ಯಾರೋಟಿಡ್ ರಕ್ತನಾಳದಲ್ಲಿರುವ ಸೆನ್ಸರ್‌ಗಳು ತಿಳಿಯುತ್ತವೆ, ನಾಡಿಯ ವೇಗ ಹೆಚ್ಚುತ್ತದೆ. ಕಿಡ್ನಿ ರೆನಿನ್ ಬಿಡುತ್ತದೆ, ಅದರಿಂದ ಶುರುವಾಗುವ ಸರಪಳಿಯ ಕೊನೆಗೆ ಆಲ್ಡೋಸ್ಟಿರೋನ್ ಅನ್ನುವ ಹಾರ್ಮೋನು ಬಂದು ಉಪ್ಪನ್ನು ಉಳಿಸುತ್ತದೆ. ಆ ಅಕ್ಕನ ನಾಡಿ ಹಿಡಿದು, ಮೂತ್ರದ ಬಣ್ಣ ಕೇಳಿದರೆ ಈ ಎಲ್ಲ ಹಾರ್ಮೋನುಗಳ ಕಥೆ ಗೊತ್ತಾಗುತ್ತದೆ.

ಇನ್ನೊಂದು ಅಂಕಿ ಹೇಳಿಬಿಡುತ್ತೇನೆ, ಇದು ನನಗೆ ಇವತ್ತಿಗೂ ಸೋಜಿಗ. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಹೊರಗೆ ಹೋಗುವುದು ಒಂದೂವರೆ ಲೀಟರ್. ಮಿಕ್ಕಿದ್ದೆಲ್ಲ ವಾಪಸ್. ಇದನ್ನು ತಲೆಯಲ್ಲಿ ಇಟ್ಟುಕೊಂಡು ನೆಫ್ರಾನ್ (ಕಿಡ್ನಿಯ ಸೋಸುವ ಸಣ್ಣ ಘಟಕ) ಚಿತ್ರ ನೋಡಿದರೆ ಅಷ್ಟುದ್ದದ ಸುರುಳಿ ಕೊಳವೆ ಯಾಕಿದೆ ಅಂತ ಕೇಳಬೇಕಾಗಿಲ್ಲ.

ಆ ಅಕ್ಕನಿಗೆ ವಾಂತಿ ಭೇದಿಯೂ ಶುರುವಾಯಿತು ಅನ್ನು. ಓಆರ್‌ಎಸ್ ಕೊಡುತ್ತೀಯ. ಒಂದು ಲೀಟರ್ ನೀರಿಗೆ ಹಾಕುವ ಪ್ಯಾಕೆಟ್‌ನಲ್ಲಿ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ಗ್ಲೂಕೋಸ್ ಯಾಕೆ? ಶಕ್ತಿ ಬರಲಿ ಅಂತ ಎಲ್ಲರೂ ಹೇಳುತ್ತಾರೆ. ವೈವಾದಲ್ಲಿ ಹಾಗೆ ಹೇಳಿದರೆ ಅರ್ಧ ಮಾರ್ಕ್ಸೂ ಸಿಗುವುದಿಲ್ಲ. ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸನ್ನು ಒಟ್ಟಿಗೇ ಒಳಗೆ ಕರೆದುಕೊಳ್ಳುವ ಒಂದು ಪ್ರೋಟೀನ್ ಇದೆ. ಗ್ಲೂಕೋಸ್ ಇದ್ದರೆ ಉಪ್ಪು ಒಳಗೆ ಹೋಗುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಭೇದಿಯಲ್ಲೂ ಈ ದಾರಿ ಮುಚ್ಚಿರುವುದಿಲ್ಲ. ಹಾಗಂತ ಬಾಟಲಿ ಜ್ಯೂಸ್ ಕುಡಿಸಿದರೆ ಸಕ್ಕರೆ ಜಾಸ್ತಿಯಾಗಿ ಕರುಳಿಗೇ ನೀರು ಎಳೆದುಕೊಂಡು ಭೇದಿ ಹೆಚ್ಚಾಗುತ್ತದೆ.

ಡಿಸೆಕ್ಷನ್ ಹಾಲ್‌ನಲ್ಲಿ ನಿನಗೆ ತಲೆ ತಿರುಗಿದ್ದೂ ಫಿಸಿಯಾಲಜಿಯೇ. ಹೆದರಿಕೆ, ಫಾರ್ಮಲಿನ್ ವಾಸನೆ, ಬಹಳ ಹೊತ್ತು ನಿಂತದ್ದು, ಬಹುಶಃ ನಾಷ್ಟಾ ಮಾಡದೆ ಹೋದದ್ದು. ವೇಗಸ್ ನರ್ವ್ ಹೃದಯವನ್ನು ನಿಧಾನ ಮಾಡುತ್ತದೆ, ಕಾಲಿನ ರಕ್ತನಾಳಗಳು ಸಡಿಲಾಗುತ್ತವೆ, ಬಿಪಿ ಇಳಿಯುತ್ತದೆ, ಮೆದುಳಿಗೆ ರಕ್ತ ಸಾಲುವುದಿಲ್ಲ. ಮಲಗಿಸಿ ಕಾಲು ಎತ್ತಿದರೆ ಸರಿಹೋಗುತ್ತದೆ. ಡಾಕ್ಟರಾದವರಲ್ಲಿಯೂ ಎಷ್ಟೋ ಜನ ಮೊದಲ ದಿನ ಹೀಗೆ ಬಿದ್ದವರೇ. ಮುಂದಿನ ಸಲ ಹೊಟ್ಟೆಗೆ ಹಾಕಿಕೊಂಡು ಹೋಗು. ಕಿಟಕಿ ಹತ್ತಿರ ನಿಲ್ಲು, ಕಾಲು ಆಡಿಸುತ್ತಿರು. ತಲೆ ಹಗುರ ಅನ್ನಿಸಿದರೆ ನಾಚಿಕೆ ಬಿಟ್ಟು ಕೂತುಕೋ.

ಅಲ್ಲಿ ಮಲಗಿರುವವರು ಯಾರು ಅಂತಲೂ ಗೊತ್ತಿರಲಿ. ನಮ್ಮ ರಾಜ್ಯದಲ್ಲಿ 1957ರ ಅನಾಟಮಿ ಕಾಯ್ದೆಯ ಪ್ರಕಾರ ವಾರಸುದಾರರಿಲ್ಲದ ದೇಹಗಳು ಕಾಲೇಜುಗಳಿಗೆ ಬರುತ್ತವೆ. ಈಗ ದಾನವಾಗಿ ಬರುವವೂ ಇವೆ. ಬೈಲಹೊಂಗಲದಲ್ಲಿ ವೈದ್ಯರಾಗಿದ್ದ ಡಾ. ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹ ದಾನ ಮಾಡಿದ್ದರು. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಅವರ ಮಗ ಡಾ. ಮಹಾಂತೇಶ ರಾಮಣ್ಣವರ ವಿದ್ಯಾರ್ಥಿಗಳ ಎದುರು ತಂದೆಯ ದೇಹವನ್ನೇ ಡಿಸೆಕ್ಷನ್ ಮಾಡಿ ಪಾಠ ಹೇಳಿದರು. ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನಿಮ್ಮ ಬ್ಯಾಚಿನವರು ಅಲ್ಲಿ ಮೊಬೈಲ್ ಹೊರಗೆ ತೆಗೆದರೆ ಈ ಮಾತು ಅವರಿಗೆ ಹೇಳು. ಫೋಟೊ, ರೀಲ್ಸ್, ಹಾಸ್ಯ ಅಲ್ಲಿ ಬೇಡ.

ನೀವು ನರ್ಸಿಂಗ್‌ನವರು ನೀವೇ ಕತ್ತರಿಸುವುದಿಲ್ಲ, ಕತ್ತರಿಸಿಟ್ಟದ್ದನ್ನು ನೋಡುತ್ತೀರಿ. ಅದಕ್ಕೇ ಹೋಗುವ ಮುಂಚೆ ಆ ಭಾಗದ ಚಿತ್ರ ಒಮ್ಮೆ ಬರೆದುಕೊಂಡು ಹೋಗಬೇಕು. ಖಾಲಿ ತಲೆಯಲ್ಲಿ ಹೋದರೆ ಎಲ್ಲ ಒಂದೇ ಕಂದು ಬಣ್ಣವಾಗಿ ಕಾಣುತ್ತದೆ. ಪುಸ್ತಕದ ಕೆಂಪು ನೀಲಿ ಅಲ್ಲಿ ಇರುವುದಿಲ್ಲ.

ಪರೀಕ್ಷೆಯ ಮಾತು ಬೇಗ ಮುಗಿಸುತ್ತೇನೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಈಗಿನ ಸಿಲೆಬಸ್‌ನಲ್ಲಿ ಅನಾಟಮಿ, ಫಿಸಿಯಾಲಜಿ ಎರಡಕ್ಕೂ ತಲಾ 60 ಗಂಟೆ ಪಾಠ. ಒಂದೇ ಪೇಪರ್, 75 ಮಾರ್ಕ್ಸ್. ಅನಾಟಮಿಗೆ 37, ಫಿಸಿಯಾಲಜಿಗೆ 38. ಇಂಟರ್ನಲ್ಸ್ 25. ಎಂಬಿಬಿಎಸ್‌ನವರು ವರ್ಷಪೂರ್ತಿ ಓದುವುದನ್ನು ನಿಮಗೆ ಒಂದೇ ಸೆಮಿಸ್ಟರಿನಲ್ಲಿ ತೂರಿಸಿದ್ದಾರೆ, ಅದು ನನಗೂ ಸರಿ ಕಾಣುವುದಿಲ್ಲ. ಅದಕ್ಕೇ ಎಂಬಿಬಿಎಸ್ ಪುಸ್ತಕದ ಮೂರು ಸಂಪುಟ ಕೊಂಡು ಕೂರಬೇಡ. ನರ್ಸಿಂಗ್‌ಗೆಂದೇ ಬರೆದ, ಬಣ್ಣದ ಚಿತ್ರ ಚೆನ್ನಾಗಿರುವ ಒಂದು ಪುಸ್ತಕ ಸಾಕು. ನಿಮ್ಮ ಮೇಡಂ ಹೇಳಿದ್ದನ್ನೇ ತಗೋ, ಹಳೇ ಎಡಿಷನ್ ಸೀನಿಯರ್‌ಗಳ ಹತ್ತಿರ ಅರ್ಧ ಬೆಲೆಗೆ ಸಿಗುತ್ತದೆ. ಎಲುಬುಗಳು ಎಡಿಷನ್‌ಗೆ ಎಡಿಷನ್ ಬದಲಾಗುವುದಿಲ್ಲ.

ಬೋನ್ ಸೆಟ್ ಕೊಳ್ಳಲು ಹೋಗಬೇಡ. ಕಾಲೇಜಿನಲ್ಲಿರುವುದನ್ನು ಸಂಜೆ ಕೇಳಿ ತೆಗೆದುಕೊಂಡು, ಇಬ್ಬರು ಮೂವರು ಸೇರಿ, ಕಣ್ಣು ಮುಚ್ಚಿ ಕೈಯಲ್ಲಿ ಹಿಡಿದು ಬಲದ್ದೋ ಎಡದ್ದೋ ಹೇಳುವ ಆಟ ಆಡಿ. ಪರೀಕ್ಷೆಯಲ್ಲಿ ಪ್ರತಿ ಉತ್ತರಕ್ಕೂ ಲೇಬಲ್ ಹಾಕಿದ ಚಿತ್ರ ಬರೆ, ಪೆನ್ಸಿಲಿನಲ್ಲಿ, ದೊಡ್ಡದಾಗಿ. ಹಳೇ ಪ್ರಶ್ನೆಪತ್ರಿಕೆಗಳನ್ನು ಈಗಲೇ ಜೋಡಿಸಿಕೊಂಡು, ಪ್ರತಿ ಭಾನುವಾರ ಒಂದು ಪ್ರಶ್ನೆಗೆ ಗಡಿಯಾರ ಇಟ್ಟು ಉತ್ತರ ಬರೆದು, ಸೋಮವಾರ ಮೇಡಂಗೆ ತೋರಿಸು.